ಹುಳಕ್ಕೆ ಜ್ವರ ಬಂದಾಗ ಬರೆದ ಕಾದಂಬರಿ

ಹಂಡೆ ಒಲೆಗೆ ಹಾಕೋಣವೆಂದು ಅಟ್ಟದಿಂದ ಹಳೆಯ ಚಂದ್ರಿಕೆಯೊಂದನ್ನು ಇಳಿಸಿದೆ. ರೇಷ್ಮೆ ಹುಳ ಗೂಡು ಕಟ್ಟಲಿ ಎಂದು ಬಿಡುತ್ತಿದ್ದ ಬಿದಿರಿನ ಚಾಪೆ ಅದು. ಮುರಿಯಲು ಹೋದರೆ ಮೂಲೆಯಲ್ಲಿ ಉಳಿದಿದ್ದ ರೇಷ್ಮೆಯ ಜಾಳು ಬೆರಳಿಗೆ ಅಂಟಿಕೊಂಡಿತು, ಕೊಡವಿದರೂ ಬಿಡಲೊಲ್ಲದು. ಅಷ್ಟಕ್ಕೇ ನನ್ನ ತಲೆಯಲ್ಲಿ ಸರೋಜ ಎದ್ದು ನಿಂತಳು. ಸರೋಜ ಯಾರು ಅಂತೀರಾ? ನನ್ನ ಕಾದಂಬರಿಯ ನಾಯಕಿ. ತೊಂಬತ್ತರ ದಶಕದಿಂದ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಿದ್ದಾಳೆ, ಪಾಪ.

ಅದಕ್ಕೆ ಕಾರಣ ಮುಳಬಾಗಿಲಿನ ನನ್ನ ಗೆಳತಿ ವಸುಧಾ. ಕಾಲೇಜಿನಲ್ಲಿ ಇಬ್ಬರೂ ಕತೆ ಬರೆದು, ಒಬ್ಬರಿಗೊಬ್ಬರು ಓದಿ ಹೇಳಿ ಹಿಗ್ಗುತ್ತಿದ್ದವರು. ಕೋಲಾರದಲ್ಲಿ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಸಿಕ್ಕಾಗ, ಮದುವೆಯಾದ ಮೇಲೆ ಒಂದು ಸಾಲೂ ಬರೆದಿಲ್ಲವೆಂದು ಗೋಳಾಡಿಕೊಂಡೆವು. ಅವಳಿಗೆ ರೋಷ ಬಂತು. ನಿಮ್ಮ ಹುಳ ಮೊಟ್ಟೆಯೊಡೆದು ಗೂಡು ಕಟ್ಟಲು ಒಂದು ತಿಂಗಳು ತಾನೆ, ಅಷ್ಟರಲ್ಲಿ ನೀನೊಂದು ಕಾದಂಬರಿ ಮುಗಿಸು, ನಾನೂ ಒಂದು ಮುಗಿಸುತ್ತೇನೆ ಎಂದು ಪಂಥ ಕಟ್ಟಿದಳು. ಹೋಳಿಗೆಯ ಹುಮ್ಮಸ್ಸಿನಲ್ಲಿ ನಾನೂ ಹೂಂ ಅಂದೆ.

ಸುಗಟೂರಿನ ನಮ್ಮ ಮನೆಯಲ್ಲಿ ಹುಳ ಬಂತೆಂದರೆ ನಾವೇ ಬಾಡಿಗೆಯವರು. ನಡುಮನೆ ಹುಳದ್ದು. ಘಾಟು ತಾಗೀತೆಂದು ಒಗ್ಗರಣೆಯೂ ಹಿತ್ತಲಿನಲ್ಲೇ. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹಾಕುವುದು, ಕಸ ತೆಗೆಯುವುದು. ಇದರ ನಡುವೆ ಮಕ್ಕಳ ಸ್ಕೂಲು, ಯಜಮಾನರ ಡಬ್ಬಿ. ಬರೆಯುವುದು ಯಾವಾಗ? ಹುಳಕ್ಕೆ ಜ್ವರ ಬಂದಾಗ! ಪೊರೆ ಬಿಡುವ ಮುಂಚೆ ಹುಳ ತಲೆಯೆತ್ತಿ ಸುಮ್ಮನೆ ಕೂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ಆಗ ಹುಳವನ್ನು ಮುಟ್ಟಬಾರದು, ನಮಗೆಲ್ಲ ರಜೆ. ನಾನು ಜ್ವರಕ್ಕೆ ಕಾಯುವವಳಾದೆ. ಗಳಿಗೆಗೊಮ್ಮೆ ಹೋಗಿ ಹುಳದ ತಟ್ಟೆಗೆ ಬಗ್ಗಿ ನೋಡುವುದು, ಇನ್ನೂ ಮೇಯುತ್ತಿದ್ದರೆ ಸಿಡಿಮಿಡಿಗೊಳ್ಳುವುದು. ನನ್ನ ಮುತುವರ್ಜಿ ಕಂಡು ಅತ್ತೆ ಊರೆಲ್ಲ ಹೊಗಳಿಕೊಂಡು ಬಂದರಂತೆ.

ಹೀಗೆ ಜ್ವರದಿಂದ ಜ್ವರಕ್ಕೆ ಸರೋಜ ಬೆಳೆದಳು. ಓದಬೇಕೆಂದು ಹಟ ಹಿಡಿದು, ಗಂಡನ ಮನೆ ಬಿಟ್ಟು, ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದಳು. ಅಷ್ಟರಲ್ಲಿ ಕೊನೆಯ ಜ್ವರ ಬಿಟ್ಟಿತು. ಆಮೇಲೆ ಹುಳಗಳ ಹಸಿವು ನೋಡಬೇಕು ನೀವು! ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಬರೀ ಕಡ್ಡಿ. ಪೆನ್ನು ಹಿಡಿಯುವುದಿರಲಿ, ತಲೆ ಬಾಚಿದ್ದೂ ನೆನಪಿಲ್ಲ. ಆ ಸಂಕಟಕ್ಕೆ, ಸೊಪ್ಪು ಹರಡುತ್ತಲೇ ಅತ್ತೆಗೆ ಕತೆ ಹೇಳಿಬಿಟ್ಟೆ. ಅವರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಸೊಸೆಗೆ ಮನೆ ಬಿಡುವ ಬುದ್ಧಿ ಯಾಕೆ ಬಂತೆಂದು ನನ್ನನ್ನೇ ಜಾಡಿಸಿದರು. ಆ ಮನೆಯ ಹುಳ ಯಾರು ನೋಡಿಕೊಳ್ಳಬೇಕು ಎಂಬುದು ಅವರ ಚಿಂತೆ. ಅವರ ಮನೆಯಲ್ಲಿ ಹುಳವಿಲ್ಲ ಅತ್ತೆ ಎಂದೆ. ಹಾಗಾದರೆ ಹೋಗಲಿ ಬಿಡು ಅಂದರು.

ಮರುದಿನ ಎದ್ದವರೇ ಕೇಳಿದ್ದು, "ಏಮ್ಮಾ, ಆ ಹುಡುಗಿ ಬಸ್ ಹತ್ತಿದ್ಲಾ?"

ಇಲ್ಲವೆಂದೆ. ನನ್ನ ಕೈಯಿಂದ ಸೊಪ್ಪಿನ ಮಂಕರಿ ಕಿತ್ತುಕೊಂಡರು. "ಹೋಗು, ಹತ್ತಿಸಿ ಬಾ. ಇದು ನಾನ್ ನೋಡ್ಕೋತೀನಿ. ಹೆಣ್ಮಗಳು ಎಷ್ಟೊತ್ತು ಅಂತ ನಿಂತಿರ್ತಾಳೆ?"

ಹೋಗಿ ಕೂತೆ. ನಡುಮನೆಯಿಂದ ಹುಳ ಮೇಯುವ ಸದ್ದು, ಅತ್ತೆ ಸೊಂಟ ಹಿಡಿದು ಏದುಸಿರು ಬಿಡುವುದು, ಎಲ್ಲ ಕೇಳುತ್ತಿತ್ತು. ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ. ಒಂದಕ್ಷರ ಬರಲಿಲ್ಲ. ಎದ್ದು ಹೋಗಿ ಮಂಕರಿಯ ಇನ್ನೊಂದು ಬದಿ ಹಿಡಿದೆ. ಹುಳ ಮೇವು ಬಿಟ್ಟು ಹಣ್ಣಾದವು, ಚಂದ್ರಿಕೆಗೇರಿದವು, ಗೂಡು ಮಾರುಕಟ್ಟೆಗೆ ಹೋಯಿತು. ಹಿಂದೆಯೇ ಇನ್ನೊಂದು ಬೆಳೆ ಬಂತು. ವಸುಧಾ ಮೊದಲ ವಾರದಲ್ಲೇ ಕೈಬಿಟ್ಟಿದ್ದಳೆಂದು ಆಮೇಲೆ ಗೊತ್ತಾಯಿತು, ಮಹಾತಾಯಿ!

ಈಗ ನಮ್ಮಲ್ಲಿ ಹುಳವಿಲ್ಲ. ಹಿಪ್ಪುನೇರಳೆ ಕಿತ್ತು ಟೊಮ್ಯಾಟೊ ಹಾಕಿದ್ದೇವೆ. ಮಕ್ಕಳು ಕೆಲಸ ಹಿಡಿದು ಊರು ಬಿಟ್ಟಿದ್ದಾರೆ. ಬೇಕಾದಷ್ಟು ಬಿಡುವು. ಆದರೂ ಕೂತಲ್ಲಿ ಕೂರಲಾರೆ. ಅಟ್ಟ ಗುಡಿಸುವುದು, ತೊಳೆದ ಡಬ್ಬಿಯನ್ನೇ ಮತ್ತೆ ತೊಳೆಯುವುದು, ಏನಾದರೊಂದು ನೆಪ. ಇಷ್ಟು ವರ್ಷ ಹುಳ ಅಡ್ಡ ಬಂತು ಎನ್ನುತ್ತಿದ್ದೆ. ಈಗ ಏನನ್ನಲಿ? ಚಂದ್ರಿಕೆಯನ್ನು ಮುರಿಯದೆ ಗೋಡೆಗೆ ಒರಗಿಸಿ, ಕೈಗೆ ಸಿಕ್ಕ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ: ಬಸ್ಸು ಬಂತು. ಸರೋಜ ಹತ್ತಿದಳು.

ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ ಅತ್ತೆಗೆ ಈಗ ಕಿವಿ ಮಂದ. ಹತ್ತಿರ ಬಗ್ಗಿ ಜೋರಾಗಿ ಓದಿದೆ. ಯಾವ ಸರೋಜ ಎಂದು ಅವರು ಕೇಳಲಿಲ್ಲ.

"ಸೀಟು ಸಿಕ್ತಾ?" ಅಂದರು.

ನೋಡಿಕೊಂಡು ಬರುತ್ತೇನೆ ಅತ್ತೆ ಎಂದು ಒಳಗೆ ಹೋದೆ.