ಬಸಪ್ಪ ಕಟ್ಟಿದ ಗಂಟು

ಗೋಕಾಕಿನಿಂದ ಹುಕ್ಕೇರಿಗೆ ಹೊರಟ ನಮ್ಮ ಬಸ್ಸು ಕೊಣ್ಣೂರಿನಲ್ಲಿ ಪಂಕ್ಚರ್ ಆಗಿ ನಿಂತಿತು. ಚಹಾದಂಗಡಿಯ ಎದುರಿಗೆ ಗೋಡೆಗೆ ಅರ್ಧ ಮಾತ್ರ ಸಿಮೆಂಟಿನ ಗಿಲಾವ್ ಆದ ಎರಡಂತಸ್ತಿನ ಮನೆ. ಅದರ ಬಿದಿರಿನ ಸಾರ್ವೆಯನ್ನು ವಯಸ್ಸಾದ ಗೌಂಡಿಯೊಬ್ಬ ಬಿಚ್ಚುತ್ತಿದ್ದ.

"ಕೆಲಸ ನಿಲ್ಲಿಸಿದ್ರೇನ್ರಿ?" ಎಂದು ಚಹಾ ಕೊಟ್ಟ ಹೆಂಗಸನ್ನು ಕೇಳಿದೆ.

"ನಿನ್ನಿ ಸಂಜಿಕ ಗೌಂಡಿ ಬಸಪ್ಪ ಅಲ್ಲಿಂದನ ಬಿದ್ದು ಸತ್ತಾನ್ರಿ. ಅಂವನ್ನ ಹೊರೂ ಸಿದಗಿ ಕಟ್ಟಾಕ ಬಿದಿರು ಬ್ಯಾರೆ ಎಲ್ಲೂ ಸಿಗಲಿಲ್ಲ," ಎಂದಳು. ಬಿಚ್ಚುತ್ತಿದ್ದವನು ರಾಜೇಸಾಬ, ಬಸಪ್ಪನ ಜೊತೆಗೇ ದುಡಿದು ಮುದುಕನಾದವನು.

ಮಳೆಗೆ ನೆನೆದ ಹಗ್ಗದ ಗಂಟು ಬಿಗಿದುಕೊಂಡಿತ್ತು. ಬಿದಿರು ಒಯ್ಯಲು ಕೆಳಗೆ ಕಾಯುತ್ತಿದ್ದವರಲ್ಲಿ ಒಬ್ಬ ಕುಡಗೋಲು ಎತ್ತಿ ಹಿಡಿದ.

"ಕಾಕಾ, ಹೊತ್ತಾಗಾಕತ್ತೈತಿ. ಹಗ್ಗ ಕೊಯ್ದಬಿಡ್ರಿ."

"ಅಂವಾ ಕಟ್ಟಿದ ಗಂಟ ಐತಿ. ನಾ ಕೊಯ್ಯೂದಿಲ್ಲ."

ಕುಡಗೋಲು ಕೆಳಗಿಳಿಯಿತು. ರಾಜೇಸಾಬ ಉಗುರು ಹಾಕಿದ, ಹಲ್ಲು ಹಾಕಿದ. ಯಾರೂ ಮತ್ತೆ ಅವಸರ ಮಾಡಲಿಲ್ಲ. ಗಂಟು ಸಡಿಲಾದಾಗ, "ಒಂಚೂರು ಹಿಡೀರಿ ಅಣ್ಣಾರ," ಎಂದು ನನ್ನನ್ನೇ ಕರೆದ. ಹೋಗಿ ಬಿದಿರಿನ ಬುಡ ಹಿಡಿದೆ. ಬಿದಿರಿನ ಮೇಲೆ ಸಿಮೆಂಟಿನ ಹನಿಗಳು ಗಟ್ಟಿಯಾಗಿದ್ದವು. ಹೊರುವವರ ಹೆಗಲಿಗೆ ಚುಚ್ಚಬಾರದೆಂದು ಅವನು ಕೆಳಗಿಳಿದು ಒಂದೊಂದನ್ನೇ ಕೆರೆದು ತೆಗೆದ.

ಎರಡು ಬಿದಿರುಗಳನ್ನು ಹೊತ್ತು ಅವರು ಹೊರಟರು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಮನೆಯ ಯಜಮಾನನಿಗೆ ರಾಜೇಸಾಬ ಹೇಳಿದ:

"ಮಣ್ಣ ಮುಗಿಸಿ ನಾಡದ್ದ ಬರ್ತೀನ್ರಿ. ಹೊಸಾ ಬಿದಿರ ತರಿಸಿಡ್ರಿ. ಇವು ವಾಪಸ್ ಬರೂದಿಲ್ಲ."