ಅವ್ವನ ಗಂಟಲು, ಅವ್ವನ ಕೈ

ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಅವ್ವ ಕುರಿಗಳನ್ನು ಕೂಗಿ ಕರೆದರೆ ಮೂರು ಹೊಲದಾಚೆಗೂ ಕೇಳಿಸುತ್ತಿತ್ತು. ನಾಲ್ಕು ಬಂಡೂರು ಕುರಿ ಸಾಕಿದ್ದಳು. ಒಂದು ಬೇಸಿಗೆಯಲ್ಲಿ ಆ ದನಿ ಕೂತುಹೋಯಿತು. ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡು ಮೆಣಸಿನ ಕಷಾಯ ಕುಡಿಸಿದೆ. ಮೂಗೂ ಕಟ್ಟಿತ್ತು, ಅದನ್ನು ನೆಗಡಿ ಎಂದುಕೊಂಡೆ. ಮಳವಳ್ಳಿಯ ಡಾಕ್ಟರು ಮಾತ್ರೆ ಕೊಟ್ಟರು, ಮದ್ದೂರಿನವರು ಮಾತ್ರೆ ಬದಲಿಸಿದರು. ದೀಪಾವಳಿಯ ಹೊತ್ತಿಗೆ ಪಿಸುಮಾತಷ್ಟೇ ಉಳಿಯಿತು. ಕುರಿಗಳು ಅವಳತ್ತ ತಲೆ ಎತ್ತುವುದನ್ನೇ ಬಿಟ್ಟವು.

ಮಂಡ್ಯದ ಗಂಟಲಿನ ಡಾಕ್ಟರಮ್ಮ ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ನನಗೆ ಎಲ್ಲದರಲ್ಲೂ ಇಣುಕುವ ಚಾಳಿ. ಪರದೆಯ ಹತ್ತಿರವೇ ಹೋಗಿ ನಿಂತೆ. ದನಿಪೆಟ್ಟಿಗೆಗೆ ಮುಚ್ಚಳದಂತಿರುವ ಭಾಗ ಊದಿ ಗಂಟುಗಂಟಾಗಿತ್ತು. ಕ್ಯಾನ್ಸರ್ ಇರಬಹುದು, ಕ್ಷಯವೂ ಇರಬಹುದು, ಚೂರು ಮಾಂಸ ತೆಗೆದು ನೋಡೋಣ ಎಂದರು. ನಮ್ಮ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ವರದಿ ಬರುವವರೆಗೆ ಇಬ್ಬರಿಗೂ ಊಟ ಸೇರಲಿಲ್ಲ.

ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಕಫದ ಪರೀಕ್ಷೆಯಲ್ಲಿ ಕ್ಷಯವೂ ಸಿಗಲಿಲ್ಲ. ಡಾಕ್ಟರಮ್ಮನಿಗೂ ಬಗೆಹರಿಯಲಿಲ್ಲ. ಅವ್ವನ ಮುಖವನ್ನೇ ನೋಡುತ್ತ, ಹುಬ್ಬು ಯಾವಾಗ ಉದುರಿತು ಎಂದು ಕೇಳಿದರು. ವಯಸ್ಸಾಯಿತಲ್ಲ ಎಂದೆ. ಕೈಗೆ ಜೋಮು ಹಿಡಿಯುತ್ತದಾ ಎಂದರು. ಅವ್ವನ ಕೈಯ ಮಾತು ಬಂದರೆ ನಾನು ಸುಮ್ಮನಿರುವವಳೇ? ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದುದನ್ನೇ ಅಲ್ಲೂ ಹೇಳಿದೆ.

"ನಮ್ಮವ್ವನ್ ಕೈ ಬಾಳ ಗಟ್ಟಿ ಮೇಡಂ. ನಾವೆಲ್ಲ ತಣ್ಣೀರಲ್ಲಿ ಕೈ ಅದ್ದಿ ಅದ್ದಿ ಮುದ್ದೆ ಕಟ್ತೀವಿ. ಇವ್ಳು ಒಲೆಯಿಂದ ಇಳ್ಸಿದ್ ಹಿಟ್ನ ಹಂಗೇ ಕಟ್ತಾಳೆ."

ಅವರು ಪೆನ್ನು ಕೆಳಗಿಟ್ಟರು. ಅವ್ವನಿಗೆ ಕಣ್ಣು ಮುಚ್ಚಿಸಿ, ಮುಟ್ಟಿದಾಗ ಹೇಳಿ ಎಂದು ಹತ್ತಿಯ ಎಳೆಯನ್ನು ಅಂಗೈ ಮೇಲೆ ಆಡಿಸಿದರು. ಒಂದು ಸಲ, ಎರಡು ಸಲ, ಮೂರು ಸಲ. ಅವ್ವ ಕಾದು ಕಾದು ಪಿಸುಗುಟ್ಟಿದಳು.

"ಯಾವಾಗ್ ಮುಟ್ತೀರವ್ವ?"



ಅದೇ ಮಾಂಸದ ಚೂರಿಗೆ ಬೇರೆ ಬಣ್ಣ ಹಾಕಿ ನೋಡಿದಾಗ ಕುಷ್ಠದ ರೋಗಾಣು ಸಿಕ್ಕಿತು. ಕುಷ್ಠ ಗಂಟಲಿಗೂ ಇಳಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅದು ಅಪರೂಪ, ತಮಗೂ ತಕ್ಷಣ ಹೊಳೆಯಲಿಲ್ಲ ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನಾವು ಗಂಟಲಿಗೆ ಕ್ಯಾಮೆರಾ ಇಳಿಸಿ ಹುಡುಕಿದ್ದು ಎಷ್ಟೋ ದಿನದಿಂದ ಅಂಗೈಯಲ್ಲೇ ಇತ್ತು. ಅವ್ವನ ರೋಗವನ್ನೇ ಹೊಗಳುತ್ತ ಬಂದಿದ್ದೆನಲ್ಲ ಎಂದು ನನಗೆ ಇವತ್ತಿಗೂ ನಾಚಿಕೆ.

ಸರ್ಕಾರಿ ಆಸ್ಪತ್ರೆಯ ಮಾತ್ರೆಯನ್ನು ಒಂದು ವರ್ಷ ತಪ್ಪದೆ ನುಂಗಿದಳು. ಒಡಕಾಗಿಯಾದರೂ ದನಿ ಮರಳಿತು, ಕುರಿಗಳು ಮತ್ತೆ ತಲೆ ಎತ್ತಿದವು. ಕೈಗೆ ಮಾತ್ರ ಬಿಸಿ ತಂಪು ಇನ್ನೂ ತಿಳಿಯುವುದಿಲ್ಲ. ಹಾಗಂತ ಮುದ್ದೆ ಕಟ್ಟುವ ಕೆಲಸವನ್ನು ನನಗೆ ಬಿಟ್ಟುಕೊಡುವವಳಲ್ಲ. ಹಿಟ್ಟನ್ನು ಮಣೆಗೆ ಸುರಿದು, ಬೀದಿಗೆಲ್ಲ ಕೇಳುವಂತೆ ನನ್ನನ್ನು ಕೂಗುತ್ತಾಳೆ.

"ಬಾರವ್ವ, ನಿನ್ ಕೈ ಇಟ್ಟು ನೋಡು. ಸುಡ್ತದಾ ಯೋಳು."