ಕರೆಂಟ್ ಬಿಲ್ಲು ಎಷ್ಟು ಬರುತ್ತೆ

ತಂಗಿಯ ಇಂಗ್ಲಿಷ್ ಕೇಳಿದರೆ ನನಗೆ ನಾಚಿಕೆಯಾಗುತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳ ಮಾತಿನಲ್ಲಿ ತಪ್ಪಿತ್ತು ಅಂತಲ್ಲ. ಮಂಡ್ಯದ ಬ್ಯಾಂಕಿನ ಕೌಂಟರಿನಲ್ಲಿ ಹೇಗೆ ಮಾತಾಡುತ್ತಿದ್ದಳೋ ಇಲ್ಲಿ ಅಮೆರಿಕದಲ್ಲೂ ಹಾಗೇ, ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ನಾನು ಆಗ ಮೆನ್ಲೋ ಪಾರ್ಕಿನ ಡಾಟ್‌ಕಾಮ್ ಕಂಪನಿಯೊಂದರಲ್ಲಿ ಮ್ಯಾನೇಜರು. ಷೇರಿನ ಬೆಲೆ ಏರಿದಷ್ಟೂ ನನ್ನ ಕೊಬ್ಬೂ ಏರಿತ್ತು.

ತಂಗಿ ಗಂಡನನ್ನು ಬಿಟ್ಟು ಬಂದು ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಸೋಫಾದ ಮೇಲೆ ಮಲಗುತ್ತಿದ್ದಳು. ಹಗಲು ಯಾರದೋ ಆಫೀಸಿನಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿಗೆ ಹೋಗಿ, ಜನರ ಟ್ಯಾಕ್ಸ್ ಫೈಲ್ ಮಾಡಿಕೊಡುವ ಕೆಲಸ ಕಲಿತಳು. ಸ್ವಂತದ್ದೊಂದು ಪುಟ್ಟ ಆಫೀಸು ಮಾಡಬೇಕು, ಯಾರ ಹಂಗೂ ಇಲ್ಲದೆ ಬದುಕಬೇಕು ಅನ್ನುವುದು ಅವಳ ಹಟ. ಅದೇನಾದರೂ ಕೈಕೊಟ್ಟರೆ ಮತ್ತೆ ನಮ್ಮ ಸೋಫಾನೇ ಗತಿ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ದಿನಗಳಲ್ಲಿ ಆಫೀಸು ಸಿಗುವುದೆಂದರೆ ಹುಡುಗಾಟವಲ್ಲ. ಇವತ್ತು ನೋಡಿದ್ದು ನಾಳೆ ಇಲ್ಲ. ನಾವು ಕಟ್ಟಡದವರನ್ನು ವಿಚಾರಿಸುವುದು ಹಾಗಿರಲಿ, ಅವರೇ ನಮ್ಮನ್ನು ಇಂಟರ್‌ವ್ಯೂ ಮಾಡುತ್ತಿದ್ದರು. ದೊಡ್ಡ ಕಟ್ಟಡಗಳು ಎಷ್ಟು ಕರೆಂಟು ತಿನ್ನುತ್ತವೆ ಅನ್ನುವುದನ್ನು ಜಗಜ್ಜಾಹೀರು ಮಾಡಲೇಬೇಕು ಅಂತ ಈಗ ಇಲ್ಲಿ ಕಾನೂನು ಬಂದಿದೆ. ಆಗ ಅಂಥದ್ದೇನೂ ಇರಲಿಲ್ಲ. ಬೇಕಾದವರು ಬಾಯಿಬಿಟ್ಟು ಕೇಳಬೇಕಿತ್ತು, ಕೇಳಿದರೆ ಕಿರಿಕಿರಿ ಗಿರಾಕಿ ಅನ್ನಿಸಿಕೊಳ್ಳಬೇಕಿತ್ತು.

ಫಾಸ್ಟರ್ ಸಿಟಿಯಲ್ಲಿ ಕೊಲ್ಲಿಯ ನೀರಿಗೆ ಮುಖಮಾಡಿದ ಹಳೇ ಕಟ್ಟಡ, ಮಹಡಿಯ ಮೇಲೆ ಒಂದು ರೂಮು. ಒಂದು ಕಡೆ ಗೋಡೆ ಪೂರ್ತಿ ಗಾಜಿನ ಕಿಟಕಿಗಳೇ. ತೋರಿಸಲು ಬಂದ ಏಜೆಂಟು ಒಬ್ಬ ಮರ್ಯಾದಸ್ಥ ಮುದುಕ. ನಾನು ಫೋನ್ ಲೈನು, ಪಾರ್ಕಿಂಗು, ಇಂಟರ್ನೆಟ್ಟು ಅಂತ ದೊಡ್ಡ ಮನುಷ್ಯನ ಹಾಗೆ ವಿಚಾರಿಸುತ್ತಿದ್ದೆ. ಕಿಟಕಿಯ ಚೌಕಟ್ಟಿಗೆ ಅಂಗೈ ಒಡ್ಡಿ ನಿಂತಿದ್ದ ತಂಗಿ ತಿರುಗಿ, "ಸರ್, ಹೌ ಮಚ್ ಕರೆಂಟ್ ಬಿಲ್ ಈಸ್ ಕಮಿಂಗ್?" ಅಂದಳು.

ಮುದುಕನಿಗೆ ಅರ್ಥವಾಗಲಿಲ್ಲ. ಇಲ್ಲಿಯವರಿಗೆ ಕರೆಂಟ್ ಬಿಲ್ ಅಂದರೆ ಈಗಿನ ಬಿಲ್ಲು, ಅಷ್ಟೆ. ನಿಮಗಿನ್ನೂ ಯಾವ ಬಿಲ್ಲೂ ಇಲ್ಲವಲ್ಲ ಅಂತ ನಕ್ಕ. ತಂಗಿ ಬಿಡಲಿಲ್ಲ. ಹೀಟರಿನ ಕಡೆ ಕೈ ತೋರಿಸಿ ಮತ್ತೆ "ಕರೆಂಟ್, ಕರೆಂಟ್" ಅಂದಳು. ಎಲೆಕ್ಟ್ರಿಸಿಟಿ ಅಂತ ಒಂದೇ ಒಂದು ಮಾತು ನಾನು ಸೇರಿಸಿದ್ದರೆ ಮುಗಿದುಹೋಗುತ್ತಿತ್ತು, ಆ ಮನುಷ್ಯ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ನಾನೋ, ಕಿವಿ ಬಿಸಿಯಾಗಿ, ಅವನ ಜೊತೆ ಸೇರಿಕೊಂಡು ನಕ್ಕೆ. ಏನಿಲ್ಲ, ಅವಳಿಗೆ ಜಾಗ ತುಂಬ ಹಿಡಿಸಿದೆ ಅಂತ ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ಅವಳಿಗೆ ಕನ್ನಡದಲ್ಲಿ "ಸುಮ್ನಿರೇ, ಮಾನ ಕಳೀಬೇಡ" ಅಂದೆ.

ಕಾರಿನಲ್ಲಿ ಅವಳು ಮೆಲ್ಲಗೆ, "ನಾನು ಕೇಳಿದ್ದು ತಪ್ಪಾ ಅಣ್ಣ?" ಅಂದಳು. "ಆಫೀಸು ತಗೋತಿದೀಯೋ, ಕೋಳಿಗೂಡು ತಗೋತಿದೀಯೋ? ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡೋದು ಕಲಿ" ಅಂತ ರೇಗಿದೆ. ಅಣ್ಣ ನೋಡಿದ್ದಾನಲ್ಲ ಅನ್ನುವ ಧೈರ್ಯದ ಮೇಲೆ ಅವಳು ಅದೇ ವಾರ ಬಾಡಿಗೆ ಕರಾರಿಗೆ ಸಹಿ ಹಾಕಿದಳು.

ಡಿಸೆಂಬರಿನಲ್ಲಿ ಕೀಲಿ ಸಿಕ್ಕಿತು. ಧನುರ್ಮಾಸ ಕಳೆಯಲಿ ಅಂತ ಪೂಜೆಯನ್ನು ಸಂಕ್ರಾಂತಿಯ ಆಚೆಗೆ ಇಟ್ಟುಕೊಂಡೆವು. ಅಷ್ಟರಲ್ಲಿ ಮೊದಲ ಬಿಲ್ಲು ಬಂತು, ಅವಳ ಎದೆ ಒಡೆಯುವಂಥ ಬಿಲ್ಲು. ಕೊಲ್ಲಿಯ ಗಾಳಿಯೆಲ್ಲ ಕಿಟಕಿ ಸಂದಿಯಿಂದ ಒಳಗೆ, ಹೀಟರಿನ ಬಿಸಿಯೆಲ್ಲ ಹೊರಗೆ. ತಂಗಿ ಹಳೇ ಟವೆಲ್ಲುಗಳನ್ನು ಸುರುಳಿ ಸುತ್ತಿ ಸಂದಿಗೆ ತುರುಕಿದಳು, ಹೀಟರು ಆರಿಸಿ ಕೋಟು ಹಾಕಿಕೊಂಡೇ ಕೂತು ಕೆಲಸ ಮಾಡಿದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಪೂಜೆಗೆ ಪರಿಚಯದ ನಾಲ್ಕಾರು ಮನೆಯವರು ಬಂದರು. ಅವರೇ ಅವಳ ಮೊದಲ ಗಿರಾಕಿಗಳಾಗಬೇಕಾದವರು. ನೋಡೋಕೆ ಚೆನ್ನಾಗಿರಲ್ಲ ಅಂತ ಅವತ್ತು ಟವೆಲ್ಲುಗಳನ್ನು ತೆಗೆಸಿದವನೂ ನಾನೇ. ಕರ್ಪೂರ ಹಚ್ಚಿದರೆ ಸ್ಮೋಕ್ ಅಲಾರಂ ಕೂಗೀತು ಅಂತ ಬರೀ ತುಪ್ಪದ ದೀಪ ಇಟ್ಟಿದ್ದೆವು. ತಂಗಿ ದೀಪ ಹಚ್ಚಿದಳು, ಹೋಯಿತು. ಮತ್ತೆ ಹಚ್ಚಿದಳು, ಮತ್ತೆ ಹೋಯಿತು. ಕೈ ಅಡ್ಡ ಹಿಡಿದು ಹಚ್ಚಿದರೂ ಕೈ ತೆಗೆದ ಕೂಡಲೇ ಹೋಯಿತು. ನನ್ನ ಗೆಳೆಯನ ತಾಯಿ, ಹಾಸನದಿಂದ ಮಗನ ಮನೆಗೆ ಬಂದಿದ್ದವರು, ಪಕ್ಕದವರ ಕಿವಿಗೆ ಅಂತ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಗಂಡನ್ನ ಬಿಟ್ಟು ಬಂದೋಳ ಕೈಲಿ ದೀಪ ಹಚ್ಚಿಸಿದ್ರೆ ಇನ್ನೇನಾಗುತ್ತೆ."

ಕೈಗುಣ ಸರಿಯಿಲ್ಲ ಅಂತ ಒಂದು ಸಲ ಮಾತು ಎದ್ದರೆ ಆ ಕೈಗೆ ತಮ್ಮ ಲೆಕ್ಕ ಯಾರು ಕೊಡುತ್ತಾರೆ? ಅದು ಬರೀ ಗಾಳಿ, ತಪ್ಪು ನನ್ನದು ಅಂತ ನಾನು ಹೇಳಬೇಕಿತ್ತು. ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಗೆಳೆಯ, ತಾಯಿಯ ಮಾತನ್ನು ಮರೆಸಲೆಂದು, "ಏನಯ್ಯ, ಜಾಗ ನೋಡಿ ಒಪ್ಪಿದ್ದು ನೀನೇ ಅಲ್ವಾ? ಒಳ್ಳೇ ಫ್ರಿಜ್ಜು ಇದ್ದಂಗಿದೆಯಲ್ಲೋ" ಅಂತ ತಮಾಷೆ ಮಾಡಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಗ್ಗಿ ದೀಪದ ಬತ್ತಿ ಸರಿಮಾಡತೊಡಗಿದೆ.

ತಂಗಿ ನನ್ನ ಮುಖ ನೋಡಿದಳು. ಆಮೇಲೆ ಆ ತಾಯಿಗೆ, "ಅಪಶಕುನ ಗಿಪಶಕುನ ಏನಿಲ್ಲಮ್ಮ, ಕಿಟಕಿ ಸಂದಿಂದ ಗಾಳಿ ಬರುತ್ತೆ. ವಿಚಾರಿಸು, ಆತುರ ಬೇಡ ಅಂತ ಅಣ್ಣ ಅವತ್ತೇ ಬಡ್ಕೊಂಡ. ನಾನೇ ಕೇಳಲಿಲ್ಲ" ಅಂದಳು. ಮೈಮೇಲಿದ್ದ ಕೋಟು ಬಿಚ್ಚಿ ಸಂದಿಗೆ ತುರುಕಿ, ರೇಷ್ಮೆ ಸೀರೆಯಲ್ಲಿ ನಡುಗುತ್ತಾ ಇನ್ನೊಮ್ಮೆ ದೀಪ ಹಚ್ಚಿದಳು. ಈ ಸಲ ನಿಂತಿತು.

ಕೇಸರಿಬಾತು ಕೊಡುವಾಗ ಆ ತಾಯಿ ನನ್ನ ಪಕ್ಕ ಬಂದು ಕೂತರು. "ಅಣ್ಣ ಅಂದ್ರೆ ನಿನ್ನಂಗಿರಬೇಕಪ್ಪ. ಹೇಳಿದ ಮಾತು ಕೇಳಲಿಲ್ಲ ಅಂತ ಒಂಚೂರೂ ಸಿಟ್ಟಿಲ್ಲ" ಅಂದರು. ತಂಗಿ ನಮ್ಮೆದುರಿಗೇ ತಟ್ಟೆ ಹಿಡಿದು ನಿಂತಿದ್ದಳು.

"ಹೋಗ್ಲಿ ಬಿಡಿ ಅಮ್ಮ" ಅಂದೆ ನಾನು, "ಪಾಪ, ಅವಳಿಗೇನು ಗೊತ್ತಾಗುತ್ತೆ."

ಅವಳು ನನ್ನ ತಟ್ಟೆಗೆ ಇನ್ನೊಂದು ಚಮಚ ಕೇಸರಿಬಾತು ಹಾಕಿ ಮುಂದಿನವರ ಕಡೆ ಹೋದಳು.